ತಿರುಗಿಸಿದಷ್ಟೂ ಗೊಂದಲ: ಅಣು ಮಾದರಿಗೆ ಆನಿಮೇಷನ್ ಎಷ್ಟು ಹಾಕಬೇಕು?

ಕಬ್ಬಿಣದ_ಕಡಲೆ:
ಎಲ್ಲರಿಗೂ ನಮಸ್ಕಾರ. ಮುಂದಿನ ವಾರ ಹಿಮೋಗ್ಲೋಬಿನ್ ಮೇಲೆ ಹನ್ನೆರಡು ನಿಮಿಷದ ಸೆಮಿನಾರ್ ಇದೆ. ಆಮ್ಲಜನಕ ಬಂದು ಕೂತಾಗ ಅಣುವಿನ ಆಕಾರ ಹೇಗೆ ಬದಲಾಗುತ್ತೆ ಅನ್ನೋದೇ ವಿಷಯ. ಪೈಮಾಲ್ ಅನ್ನೋ ಅಣುಚಿತ್ರ ತಂತ್ರಾಂಶದಲ್ಲಿ ವಿಡಿಯೊ ಮಾಡಿ ಪವರ್‌ಪಾಯಿಂಟ್‌ಗೆ ಹಾಕಿದ್ದೀನಿ. ಮೂರು ರಾತ್ರಿ ನಿದ್ದೆಗೆಟ್ಟು ಮಾಡಿದ್ದು. ಅಣು ನಿಧಾನಕ್ಕೆ ಸುತ್ತುತ್ತಾ ಇರುತ್ತೆ, ನಾಲ್ಕು ಪ್ರೋಟೀನ್ ಸರಪಳಿಗಳಿಗೂ ಒಂದಾದ ಮೇಲೊಂದು ಬಣ್ಣ ಬರುತ್ತೆ, ಕ್ಯಾಮೆರಾ ಹೀಮ್ (ಕಬ್ಬಿಣ ಹಿಡಿದಿರೋ ತಟ್ಟೆಯಂಥ ಭಾಗ) ಹತ್ತಿರ ಹೋಗಿ ವಾಪಸ್ ಬರುತ್ತೆ, ಆಮೇಲೆ ಆಮ್ಲಜನಕ ಇಲ್ಲದ ರೂಪ ಇರುವ ರೂಪಕ್ಕೆ ಮಾರ್ಫ್ ಆಗುತ್ತೆ, ಅಂದ್ರೆ ನುಣ್ಣಗೆ ಬದಲಾಗುತ್ತೆ. ಬಾಣದ ಗುರುತುಗಳು ಎಡಗಡೆಯಿಂದ ಹಾರಿ ಬರ್ತವೆ.

ನಿನ್ನೆ ಲ್ಯಾಬ್‌ನವರ ಮುಂದೆ ಓಡಿಸಿದೆ. ಎಲ್ಲರೂ "ವಾವ್" ಅಂದ್ರು. ಕೊನೆಗೆ ಒಬ್ಬಳು ಕೇಳಿದ್ಲು: "ತುಂಬಾ ಚೆನ್ನಾಗಿದೆ, ಆದ್ರೆ ಬದಲಾಗಿದ್ದು ಏನು?"

ಎಲ್ಲಿ ಎಡವಿದ್ದೀನಿ?

ಎರಡನೇ_ಬೆಂಚು:
ಹಾರಿ ಬರೋ ಬಾಣ ಅಂದ ಕೂಡಲೇ ಉತ್ತರ ಸಿಕ್ತು ನನಗೆ.

ಪಿಕ್ಸೆಲ್_ಪಾಪಣ್ಣ:
ಕಡಲೆಯವರೇ, ಒಂದು ಲೆಕ್ಕ ಹಾಕೋಣ. ಆಮ್ಲಜನಕ ಕೂತಾಗ ಹೀಮ್‌ನ ಕಬ್ಬಿಣ ಜರುಗುವುದು ಸುಮಾರು 0.4 ಆಂಗ್‌ಸ್ಟ್ರಾಂ (ಒಂದು ಆಂಗ್‌ಸ್ಟ್ರಾಂ ಅಂದರೆ ಮಿಲಿಮೀಟರಿನ ಕೋಟಿಯಲ್ಲೊಂದು ಪಾಲು). ಇಡೀ ಹಿಮೋಗ್ಲೋಬಿನ್ ಅಗಲ ಹತ್ತಿರ ಹತ್ತಿರ 60 ಆಂಗ್‌ಸ್ಟ್ರಾಂ. ನಿಮ್ಮ ಪರದೆ ಮೇಲೆ ಅಣು 900 ಪಿಕ್ಸೆಲ್ ಅಗಲ ಇದೆ ಅಂತಿಟ್ಟುಕೊಳ್ಳಿ. ಕಬ್ಬಿಣ ಎಷ್ಟು ಸರಿಯಿತು? ಆರು ಪಿಕ್ಸೆಲ್! ಅದೇ ಹೊತ್ತಿಗೆ ಇಡೀ ಅಣು ಗಿರಗಿರ ಸುತ್ತುತ್ತಿದೆ, ಅಂದರೆ ಅಂಚಿನ ಪರಮಾಣುಗಳು ನೂರಾರು ಪಿಕ್ಸೆಲ್ ಓಡುತ್ತಿವೆ. ಜಾತ್ರೆಯಲ್ಲಿ ಯಾರೋ ಕಣ್ಣು ಮಿಟುಕಿಸಿದ್ದನ್ನು ಮಹಡಿ ಮೇಲಿಂದ ನೋಡಿ ಅಂದ ಹಾಗೆ.

ನೀವು ತೋರಿಸಬೇಕಾದ ಚಲನೆಯ ಮೇಲೆ ನೀವೇ ಇನ್ನೊಂದು ಚಲನೆ ಹೊದಿಸಿದ್ದೀರಿ. ಮಾರ್ಫ್ ನಡೆಯುವಾಗ ಕ್ಯಾಮೆರಾ ಕಲ್ಲಿನ ಹಾಗೆ ನಿಂತಿರಬೇಕು. ಸುತ್ತಿಸಬೇಕಾ, ಮೊದಲೇ ಸುತ್ತಿಸಿ ಮುಗಿಸಿ.

ಕಬ್ಬಿಣದ_ಕಡಲೆ:
ಆರು ಪಿಕ್ಸೆಲ್! ಇದನ್ನ ನಾನು ಯೋಚನೆನೇ ಮಾಡಿರಲಿಲ್ಲ. ಆದ್ರೆ ಸುತ್ತಿಸದೇ ಇದ್ರೆ ಆಳ ಗೊತ್ತಾಗಲ್ವಲ್ಲ? ಚಪ್ಪಟೆ ಚಿತ್ರದ ಹಾಗೆ ಕಾಣುತ್ತೆ.

ಚುಕ್ಕಿಗೆರೆ:
ಸುತ್ತಿಸೋದು ಬೇರೆ, ತೂಗಿಸೋದು ಬೇರೆ. ಚಲನೆಯಿಂದಲೇ ಆಳ ಕಾಣುತ್ತೆ ಅನ್ನೋದು ನಿಜ. 1953ರಲ್ಲೇ ವಾಲಾಕ್ ಮತ್ತು ಓಕನೆಲ್ ತಂತಿ ಆಕೃತಿಗಳ ನೆರಳನ್ನು ಪರದೆ ಮೇಲೆ ತಿರುಗಿಸಿ ಇದನ್ನು ತೋರಿಸಿದ್ದರು. ನಿಂತ ನೆರಳು ಚಪ್ಪಟೆ, ತಿರುಗಿದ ನೆರಳು ಘನ. ಆದರೆ ಅದಕ್ಕೆ 360 ಡಿಗ್ರಿ ಬೇಕಿಲ್ಲ. ಎಡಕ್ಕೆ ಹದಿನೈದು, ಬಲಕ್ಕೆ ಹದಿನೈದು, ತೊಟ್ಟಿಲ ಹಾಗೆ. ಪೈಮಾಲ್‌ನಲ್ಲಿ ರಾಕ್ ಅನ್ನೋ ಕಮಾಂಡ್ ಇದೆ, ಅದೇ ಇದು. ಎದುರಿದ್ದ ಭಾಗ ಎದುರಲ್ಲೇ ಇರುತ್ತೆ, ನೋಡುವವರ ದಾರಿ ತಪ್ಪಲ್ಲ. ಪೂರ್ತಿ ಸುತ್ತಿಸಿದಾಗ ಅರ್ಧ ಹೊತ್ತು ನೀವು ತೋರಿಸ್ತಿರೋದು ಅಣುವಿನ ಬೆನ್ನು.

ಇನ್ನೊಂದು. ಫಾಗ್ ಹಾಕಿದ್ದೀರಾ? ಹಿಂದಿನ ಪರಮಾಣುಗಳು ಮಸುಕಾಗೋ ಹಾಗೆ? ಫಾಗೂ ಇಲ್ಲ, ಪರ್ಸ್ಪೆಕ್ಟಿವೂ ಇಲ್ಲ ಅಂದ್ರೆ ತಂತಿ ಮಾದರಿ ಯಾವ ಕಡೆ ತಿರುಗ್ತಿದೆ ಅಂತಲೇ ಹೇಳೋಕಾಗಲ್ಲ. ಒಬ್ಬರಿಗೆ ಎಡಕ್ಕೆ, ಪಕ್ಕದವರಿಗೆ ಬಲಕ್ಕೆ. ಇಬ್ಬರೂ ಸರಿ.

ಸುಮ್ನೆ_ಬಂದೆ:
ಫಾಲೋ ಮಾಡ್ತಿದ್ದೀನಿ.

ಹಳೇ_ಮೇಷ್ಟ್ರು:
ಮಕ್ಕಳೇ, ಈ ಕಂಪ್ಯೂಟರ್ ಕುಣಿತಕ್ಕಿಂತ ಕೈಯಲ್ಲಿ ಹಿಡಿಯುವ ಗುಂಡು-ಕಡ್ಡಿ ಮಾದರಿಯೇ ಮೇಲು. ರಸಾಯನಶಾಸ್ತ್ರಜ್ಞ ಪಾಲಿಂಗ್ 1948ರಲ್ಲಿ ನೆಗಡಿಯಾಗಿ ಮಲಗಿದ್ದಾಗ ಕಾಗದದ ಮೇಲೆ ಸರಪಳಿ ಬರೆದು, ಮಡಚಿ ಮಡಚಿಯೇ ಪ್ರೋಟೀನಿನ ಆಲ್ಫಾ ಸುರುಳಿ ಕಂಡುಕೊಂಡದ್ದು. ಕೆಂಡ್ರೂ ಸ್ನಾಯುವಿನ ಪ್ರೋಟೀನ್ ಮಯೋಗ್ಲೋಬಿನ್ನಿಗೆ ಕಂಬಿಗಳ ಕಾಡನ್ನೇ ನೆಟ್ಟು, ಬಣ್ಣದ ಕ್ಲಿಪ್ಪು ಸಿಕ್ಕಿಸಿ ನೋಡಿದರು. 1962ರಲ್ಲಿ ಅವರಿಗೂ ಹಿಮೋಗ್ಲೋಬಿನ್ ರಚನೆ ಬಿಡಿಸಿದ ಪೆರೂಟ್ಸ್‌ಗೂ ನೊಬೆಲ್ ಬಂತು. ಯಾವ ಎಫೆಕ್ಟೂ ಇರಲಿಲ್ಲ.

ತಕರಾರು_ತಮ್ಮ:
ಮೇಷ್ಟ್ರೇ, ಆ ಕಂಬಿಗಳ ಕಾಡನ್ನು ನೂರು ಜನರ ಸಭಾಂಗಣಕ್ಕೆ ಹೊತ್ತುಕೊಂಡು ಬರೋದು ಯಾರು? ಹಿಮೋಗ್ಲೋಬಿನ್‌ನಲ್ಲಿ 574 ಅಮೈನೋ ಆಮ್ಲ ಇದೆ. ಹೈಡ್ರೋಜನ್ ಬಿಟ್ಟರೂ ನಾಲ್ಕು ಸಾವಿರಕ್ಕೂ ಹೆಚ್ಚು ಪರಮಾಣು. ಗುಂಡು-ಕಡ್ಡಿ ಜೋಡಿಸುವಷ್ಟರಲ್ಲಿ ಪಿಂಚಣಿ ಬರುತ್ತೆ.

ಹಳೇ_ಮೇಷ್ಟ್ರು:
ನನಗೆ ಈಗಾಗಲೇ ಬರುತ್ತಿದೆ.

ಸೈಕ್ಲೋ:
😂😂 ಮೇಷ್ಟ್ರು ಗೆದ್ರು.

ಆದ್ರೆ ಚಿಕ್ಕ ಅಣುಗಳ ಮಟ್ಟಿಗೆ ಮೇಷ್ಟ್ರ ಮಾತು ಒಪ್ತೀನಿ. ನಾನು ಸೈಕ್ಲೋಹೆಕ್ಸೇನ್ ಪಾಠ ಮಾಡ್ತೀನಿ. ಕುರ್ಚಿ ಆಕಾರ ಮಗುಚಿ ಇನ್ನೊಂದು ಕುರ್ಚಿ ಆಗೋದನ್ನ ಆನಿಮೇಷನ್‌ನಲ್ಲಿ ತೋರಿಸಿದೆ, ಆರು ಇಂಗಾಲ, ಹನ್ನೆರಡು ಹೈಡ್ರೋಜನ್, ನುಣ್ಣಗೆ ಮಗುಚಿತು. ಹುಡುಗರ ಮುಖ ನೋಡಿದೆ, ಖಾಲಿ. ಯಾಕಂದ್ರೆ ಮೊದಲೂ ಕುರ್ಚಿ, ಆಮೇಲೂ ಕುರ್ಚಿ. ಬದಲಾಗಿದ್ದೇನು ಅಂತ ಗೊತ್ತಾಗೋದಾದ್ರೂ ಹೇಗೆ?

ಮರುದಿನ ಒಂದೇ ಒಂದು ಹೈಡ್ರೋಜನ್‌ಗೆ ಕಿತ್ತಳೆ ಬಣ್ಣ ಹಾಕಿದೆ. ಉಳಿದ ಹನ್ನೊಂದೂ ಬೂದು. ಮಗುಚೋಕೆ ಮುಂಚೆ ಕಿತ್ತಳೆ ನೆಟ್ಟಗೆ ಮೇಲಕ್ಕೆ ನಿಂತಿತ್ತು, ಮಗುಚಿದ ಮೇಲೆ ಪಕ್ಕಕ್ಕೆ ಚಾಚ್ಕೊಂಡಿತ್ತು. "ಓ, ಅಕ್ಷೀಯದ್ದು ಸಮಭಾಜಕೀಯ ಆಯ್ತು" ಅಂತ ಹಿಂದಿನ ಸಾಲಿನಿಂದ ಕೂಗಿದ್ರು. ಅದೇ ಫೈಲು, ಅದೇ ಫ್ರೇಮುಗಳು, ಬಣ್ಣ ಒಂದೇ ಹೊಸದು.

ಆಮೇಲೆ ಒಬ್ಬ ಕೇಳಿದ, "ಇಷ್ಟು ನಿಧಾನಕ್ಕೆ ಮಗುಚುತ್ತಾ ಮಿಸ್?" ಅಂತ. ಕೋಣೆಯ ಉಷ್ಣತೆಯಲ್ಲಿ ಸೆಕೆಂಡಿಗೆ ಲಕ್ಷದ ಲೆಕ್ಕದಲ್ಲಿ ಮಗುಚುತ್ತೆ ಅಂದೆ. ನಂಬಲಿಲ್ಲ. ವೇಗ ಎಷ್ಟು ಪಟ್ಟು ತಗ್ಗಿಸಿದ್ದೀವಿ ಅನ್ನೋದನ್ನ ಸ್ಲೈಡ್ ಮೂಲೆಯಲ್ಲಿ ಬರೀಬೇಕು ಅಂತ ಆವತ್ತೇ ಕಲಿತಿದ್ದು.

ಎರಡನೇ_ಬೆಂಚು:
ಕಿತ್ತಳೆ ಉಪಾಯ ಕದ್ದೆ. ಥ್ಯಾಂಕ್ಸ್ ಅಕ್ಕಾ.

ರಾತ್ರಿಪಾಳಿ:
ಕಡಲೆಯವರು ಒಂದು ಮುಖ್ಯ ವಿಷಯ ಹೇಳಿಲ್ಲ. ಎರಡು ರಚನೆಗಳನ್ನು ಯಾವುದರ ಮೇಲೆ ಹೊಂದಿಸಿದ್ದೀರಿ? ಇಡೀ ಅಣುವನ್ನು ಇಡೀ ಅಣುವಿನ ಮೇಲಾ?

ಕಬ್ಬಿಣದ_ಕಡಲೆ:
ಹೌದು, ಇಡೀ ಅಣು. ಅಲೈನ್ ಕೊಟ್ಟೆ, ಅದೇ ಕೂರಿಸ್ತು. ತಪ್ಪಾ?

ರಾತ್ರಿಪಾಳಿ:
ತಪ್ಪಲ್ಲ, ಆದರೆ ನಿಮ್ಮ ಕತೆ ಸತ್ತದ್ದು ಅಲ್ಲೇ. ಸ್ವಲ್ಪ ಉದ್ದವಾಗುತ್ತೆ, ಓದಿ.

ಹಿಮೋಗ್ಲೋಬಿನ್ ಅಂದರೆ ಎರಡು ಜೋಡಿ. ಒಂದು ಆಲ್ಫಾ-ಬೀಟಾ ಜೋಡಿ, ಅದರ ಪಕ್ಕ ಇನ್ನೊಂದು ಆಲ್ಫಾ-ಬೀಟಾ ಜೋಡಿ. ಆಮ್ಲಜನಕ ಬಂದಾಗ ಒಂದೊಂದು ಜೋಡಿಯ ಒಳಗೆ ಆಗುವ ಬದಲಾವಣೆ ಸಣ್ಣದು. ದೊಡ್ಡ ಬದಲಾವಣೆ ಅಂದರೆ ಒಂದು ಜೋಡಿ ಇನ್ನೊಂದರ ಎದುರು ಸುಮಾರು 15 ಡಿಗ್ರಿ ತಿರುಗುವುದು. ಈಗ ಇಡೀ ಅಣುವಿನ ಮೇಲೆ ಇಡೀ ಅಣುವನ್ನು ಕೂರಿಸಿದರೆ ಏನಾಗುತ್ತೆ? ಕಂಪ್ಯೂಟರ್ ನ್ಯಾಯವಾಗಿ ಹಂಚುತ್ತೆ: ಎಡಗಡೆ ಜೋಡಿಗೆ ಅರ್ಧ ತಿರುವು, ಬಲಗಡೆಯದಕ್ಕೆ ಅರ್ಧ ತಿರುವು. ಎಲ್ಲಾ ಪರಮಾಣುವೂ ಸ್ವಲ್ಪ ಸ್ವಲ್ಪ ಅಲುಗುತ್ತೆ. ಜೆಲ್ಲಿ ನಡುಗಿದ ಹಾಗೆ ಕಾಣುತ್ತೆ. "ಬದಲಾಗಿದ್ದು ಏನು" ಅಂತ ನಿಮ್ಮ ಗೆಳತಿ ಕೇಳಿದ್ದರಲ್ಲಿ ಆಶ್ಚರ್ಯವೇ ಇಲ್ಲ.

ಒಂದು ಜೋಡಿಯನ್ನು ಮಾತ್ರ ಹೊಂದಿಸಿ. ಅದಕ್ಕೆ ತಿಳಿ ಬೂದು ಬಳಿಯಿರಿ. ಇನ್ನೊಂದಕ್ಕೆ ಗಟ್ಟಿ ನೀಲಿ. ಮಾರ್ಫ್ ಓಡಿಸಿ. ಬೂದು ಗೋಡೆಯ ಹಾಗೆ ನಿಂತಿರುತ್ತೆ, ನೀಲಿ ಮಾತ್ರ ಬಾಗಿಲಿನ ಹಾಗೆ ತಿರುಗುತ್ತೆ. ಯಾರಿಗೂ ಬಾಣ ಬೇಕಾಗಲ್ಲ.

ಎಫೆಕ್ಟ್ ಆರಿಸುವುದು ಆಮೇಲಿನ ಕೆಲಸ. ಯಾವುದನ್ನು ಅಲುಗದಂತೆ ಹಿಡಿಯಬೇಕು ಅಂತ ಮೊದಲು ಗೊತ್ತು ಮಾಡಿಕೊಳ್ಳಿ.

ಪಿಕ್ಸೆಲ್_ಪಾಪಣ್ಣ:
ಇದು ಚಿನ್ನದಂಥ ಮಾತು. ಈ ಎಳೆಯನ್ನು ಮೇಲೆ ಪಿನ್ ಮಾಡಿ ಯಾರಾದ್ರೂ.

ತಕರಾರು_ತಮ್ಮ:
ಒಂದು ಜೋಡಿಯನ್ನ ಗೋಡೆ ಮಾಡಿದ್ರೆ "ಎಡಗಡೆಯದು ಅಲ್ಲಾಡೋದೇ ಇಲ್ಲ, ಬಲಗಡೆಯದು ಮಾತ್ರ ತಿರುಗುತ್ತೆ" ಅಂತ ಜನ ತಿಳ್ಕೋತಾರೆ. ಅದು ಸುಳ್ಳು. ದ್ರಾವಣದಲ್ಲಿ ಎರಡೂ ತೇಲ್ತಿರ್ತವೆ, ಉರುಳ್ತಿರ್ತವೆ.

ರಾತ್ರಿಪಾಳಿ:
ರೈಲಿನಲ್ಲಿ ಕೂತು ಹೊರಗೆ ನೋಡಿದರೆ ಮರ ಓಡುತ್ತೆ. ಅದು ಸುಳ್ಳಲ್ಲ, ನೀವು ಕೂತ ಜಾಗ. "ಈ ಜೋಡಿಯ ಮೇಲೆ ಕೂತು ನೋಡ್ತಿದ್ದೀವಿ" ಅಂತ ಬಾಯಲ್ಲಿ ಒಂದು ಮಾತು ಹೇಳಿದರೆ ಮುಗಿಯಿತು.

ತಕರಾರು_ತಮ್ಮ:
ಸರಿ, ಅದು ಬಿಡಿ. ಮಾರ್ಫೇ ಸುಳ್ಳು ಅನ್ನೋದಕ್ಕೆ ಏನಂತೀರಿ? ಸ್ಫಟಿಕದಿಂದ ಸಿಕ್ಕಿದ್ದು ಎರಡೇ ರಚನೆ, ಶುರುವಿನದು, ಕೊನೆಯದು. ನಡುವಿನ ಐವತ್ತು ಫ್ರೇಮು ಕಂಪ್ಯೂಟರ್ ಕಟ್ಟಿದ ಕತೆ. ನಾನೊಂದು ಸಲ ಸರಳರೇಖೆಯ ಮಾರ್ಫ್ ಮಾಡಿ ಒಂದೊಂದೇ ಫ್ರೇಮು ನಿಲ್ಲಿಸಿ ನೋಡಿದೆ. ಫಿನೈಲ್ ಅಲನಿನ್ ಅನ್ನೋ ಒಂದು ಅಮೈನೋ ಆಮ್ಲ. ಅದರ ಉಂಗುರ ಮೊದಲನೇ ಫ್ರೇಮಲ್ಲಿ ಚೆಂದದ ಷಟ್ಕೋನ. ಹತ್ತನೇ ಫ್ರೇಮಲ್ಲಿ ತೆಳ್ಳಗಿನ ಬಾದಾಮಿ ಆಕಾರ. ಇಪ್ಪತ್ತೈದರಲ್ಲಿ ಬರೀ ಒಂದು ಗೆರೆ! ಪರಮಾಣುಗಳು ಒಂದರ ಮೇಲೊಂದು ಕೂತಿದ್ದವು. ಆಮೇಲೆ ಮತ್ತೆ ಉಬ್ಬಿ ಐವತ್ತಕ್ಕೆ ಷಟ್ಕೋನ. ಇಂಥ ಬೆಂಜೀನ್ ಉಂಗುರ ಯಾವ ಲೋಕದಲ್ಲಿದೆ?

ಚುಕ್ಕಿಗೆರೆ:
ಹ್ಹ ಹ್ಹ, ಅದು ಉಂಗುರ 180 ಡಿಗ್ರಿ ಮಗುಚಿದ್ದು. ಇನ್ನೂ ತಮಾಷೆ ಗೊತ್ತಾ? ಎಷ್ಟೋ ಸಲ ಉಂಗುರ ನಿಜವಾಗಿ ಮಗುಚಿರೋದೇ ಇಲ್ಲ. ಉಂಗುರದ ಎರಡು ಮಗ್ಗುಲೂ ಒಂದೇ ಥರ ಇರುತ್ತಲ್ಲ, ಒಂದು ಫೈಲಿನಲ್ಲಿ ಈ ಮಗ್ಗುಲಿನ ಇಂಗಾಲಕ್ಕೆ 1 ಅಂತ, ಇನ್ನೊಂದರಲ್ಲಿ ಆ ಮಗ್ಗುಲಿಗೆ 1 ಅಂತ ಹೆಸರಿಟ್ಟಿರ್ತಾರೆ. ಹೆಸರು ಅದಲು ಬದಲು, ಅಷ್ಟೇ. ಮಾರ್ಫ್ ಪಾಪ ಹೆಸರು ನಂಬಿ ಉಂಗುರವನ್ನು ಹಿಂಡುತ್ತೆ.

ರಾತ್ರಿಪಾಳಿ:
ಅದಕ್ಕೇ ಸರಳರೇಖೆ ಬೇಡ. ಕೈಮೆರಾ ಎಕ್ಸ್ ಅನ್ನೋ ತಂತ್ರಾಂಶದ ಮಾರ್ಫ್ ಸುಮ್ಮನೆ ಬಿಟ್ಟರೆ ತಿರುಪು ದಾರಿಯಲ್ಲಿ ಹೋಗುತ್ತೆ, ಬಂಧದ ಉದ್ದ ಹಾಳಾಗಲ್ಲ. ಇನ್ನೂ ಸುಲಭ ಅಂದರೆ ಮಾರ್ಫ್ ಮಾಡುವಾಗ ಅಮೈನೋ ಆಮ್ಲಗಳ ಪಕ್ಕ ಸರಪಳಿಗಳನ್ನೆಲ್ಲ ಮರೆಮಾಡಿ, ಬೆನ್ನೆಲುಬನ್ನು ತೋರಿಸುವ ರಿಬ್ಬನ್ ಮಾತ್ರ ಬಿಡಿ. ಜೇನ್ ರಿಚರ್ಡ್‌ಸನ್ 1981ರಲ್ಲಿ ರಿಬ್ಬನ್ ಚಿತ್ರಗಳನ್ನು ಕೈಯಲ್ಲೇ ಬರೆದು ಕೊಟ್ಟದ್ದು ಇದಕ್ಕೇ ಅಲ್ಲವೇ, ಬೇಡದ್ದನ್ನು ಬಿಡೋಕೆ.

ತಕರಾರು_ತಮ್ಮ:
ಅಂದ್ರೆ ಸುಳ್ಳನ್ನು ಪರದೆ ಹಿಂದೆ ಬಚ್ಚಿಡಿ ಅಂತೀರಿ.

ರಾತ್ರಿಪಾಳಿ:
"ನಡುವಿನ ದಾರಿ ಲೆಕ್ಕ ಹಾಕಿದ್ದು, ನೋಡಿದ್ದಲ್ಲ" ಅಂತ ಸ್ಲೈಡ್ ಕೆಳಗೆ ಬರೆಯಿರಿ ಅಂತೀನಿ. ಐದು ಪದ.

ತಕರಾರು_ತಮ್ಮ:
ಯಾರೂ ಓದಲ್ಲ.

ಸೈಕ್ಲೋ:
ತಮ್ಮಾ, ಓದದೇ ಇದ್ರೆ ಬಾಯಲ್ಲಿ ಹೇಳು. ಬಾಯಿ ಇರೋದು ತಕರಾರಿಗೆ ಮಾತ್ರ ಅಲ್ಲ.

ಬಲಗೈ_ಸುರುಳಿ:
ಸುಳ್ಳಿನ ಮಾತು ಬಂತಲ್ಲ, ನನ್ನ ಮಾನ ಹೋದ ಕತೆ ಹೇಳ್ತೀನಿ.

ಡಿಎನ್‌ಎ ಮೇಲೆ ಭಾಷಣ. ಬ್ಲೆಂಡರ್ ಅನ್ನೋ 3ಡಿ ತಂತ್ರಾಂಶದಲ್ಲಿ ಮಾಲಿಕ್ಯುಲರ್ ನೋಡ್ಸ್ ಪ್ಲಗಿನ್ ಹಾಕ್ಕೊಂಡು ವಿಡಿಯೊ ಮಾಡಿದ್ದೆ, ಹೊಳಪು, ನೆರಳು ಎಲ್ಲಾ. ಕಿಣ್ವ ಬಲಗಡೆಯಿಂದ ಬರ್ತಿತ್ತು. ಸ್ಲೈಡ್‌ನಲ್ಲಿ ಬರಹ ಇದ್ದದ್ದೂ ಬಲಗಡೆ. ಎರಡೂ ಡಿಕ್ಕಿ. ಮತ್ತೆ ರೆಂಡರ್ ಮಾಡೋಕೆ ಆರು ಗಂಟೆ. ಎಡಿಟರ್‌ನಲ್ಲಿ ಅಡ್ಡಡ್ಡ ಫ್ಲಿಪ್ ಅಂತ ಒಂದು ಬಟನ್ ಇತ್ತು, ಒತ್ತಿದೆ. ಒಂದೇ ಕ್ಷಣ, ಕಿಣ್ವ ಎಡಗಡೆಯಿಂದ ಬಂತು. ಖುಷಿಯೋ ಖುಷಿ.

ಭಾಷಣದ ಮಧ್ಯೆ ಮುಂದಿನ ಸಾಲಿನಿಂದ ಒಬ್ಬರು ಕೈ ಎತ್ತಿದರು. "ನಿಮ್ಮ ಡಿಎನ್‌ಎ ಎಡಗೈ ಸುರುಳಿ ಆಗಿದೆಯಲ್ಲ?" ಕನ್ನಡಿ ಬಿಂಬ! ಸುರುಳಿ ಅಷ್ಟೇ ಅಲ್ಲ, ಕಿಣ್ವದ ಅಮೈನೋ ಆಮ್ಲಗಳೆಲ್ಲ ಎಲ್ (ಜೀವಿಗಳಲ್ಲಿರೋ ರೂಪ) ಹೋಗಿ ಡಿ (ಅದರ ಕನ್ನಡಿ ರೂಪ) ಆಗಿದ್ದವು. ಒಂದು ಬಟನ್‌ನಲ್ಲಿ ಇಡೀ ಜೀವಶಾಸ್ತ್ರವನ್ನೇ ಮಗುಚಿ ಹಾಕಿದ್ದೆ.

ಆವತ್ತಿಂದ ಈ ಹೆಸರು ಇಟ್ಟುಕೊಂಡಿದ್ದೀನಿ. ಈಗ ಪ್ರತಿ ಸಲ ಪರೀಕ್ಷೆ: ಸುರುಳಿಯನ್ನು ನೆಟ್ಟಗೆ ನಿಲ್ಲಿಸು, ನಮ್ಮ ಕಡೆಗಿರುವ ಎಳೆ ಕೆಳಗೆ ಎಡದಿಂದ ಮೇಲೆ ಬಲಕ್ಕೆ ಏರ್ತಿದ್ರೆ ಬಲಗೈ. ಸರಿ, ಮುಂದಕ್ಕೆ ಹೋಗು.

ಎರಡನೇ_ಬೆಂಚು:
"ಇದು ಝಡ್ ಡಿಎನ್‌ಎ ಸಾರ್" ಅಂತ ಹೇಳಿ ಜಾರಿಕೊಳ್ಳಬಹುದಿತ್ತು 😂 ಅದು ಎಡಗೈದೇ.

ಬಲಗೈ_ಸುರುಳಿ:
ಯೋಚಿಸಿದ್ದೆ ಮಾರಾಯ. ಆದರೆ ಝಡ್‌ನ ಬೆನ್ನು ಅಂಕುಡೊಂಕು, ಒಂದೊಂದು ಸುತ್ತಿನಲ್ಲಿ 12 ಬೇಸ್ ಜೋಡಿ. ನನ್ನದು ನುಣ್ಣಗೆ ಹತ್ತೂವರೆ. ಕೈ ಎತ್ತಿದವರು ಅದನ್ನೂ ಎಣಿಸುವ ಪೈಕಿ.

ಸುಮ್ನೆ_ಬಂದೆ:
ಹಿನ್ನೆಲೆಗೆ ಮ್ಯೂಸಿಕ್ ಹಾಕಿದ್ರೆ ಹೇಗಿರುತ್ತೆ?

ಪಿಕ್ಸೆಲ್_ಪಾಪಣ್ಣ:
ಬೇಡ.

ಹಳೇ_ಮೇಷ್ಟ್ರು:
ಬೇಡ.

ಸೈಕ್ಲೋ:
ಬೇಡ ಕಣೋ.

ಪಿಕ್ಸೆಲ್_ಪಾಪಣ್ಣ:
ಸ್ಲೈಡ್ ಎಫೆಕ್ಟ್ ವಿಷಯಕ್ಕೆ ವಾಪಸ್ ಬರ್ತೀನಿ, ಯಾರೂ ಅದನ್ನು ಮುಟ್ಟಲಿಲ್ಲ. ಹಾರಿ ಬರೋದು, ಪುಟಿಯೋದು, ಸುತ್ತಿ ಬರೋದು ಮೂರಕ್ಕೂ ಕೈಮುಗಿದು ಬಿಡಿ. ಅಣುವಿನ ಸ್ಲೈಡ್‌ನಲ್ಲಿ ಚಲನೆಗೆ ಅರ್ಥ ಇದೆ. ಬಾಣ ಎಡದಿಂದ ಹಾರಿ ಬಂದು ಕಬ್ಬಿಣದ ಪಕ್ಕ ನಿಂತರೆ ಹೊಸಬರು ಅದೂ ಒಂದು ಅಣು ಬಂದು ಕೂತಿತು ಅಂತಲೇ ಓದ್ತಾರೆ. ತಮಾಷೆ ಅಲ್ಲ, ನನ್ನನ್ನೇ ಕೇಳಿದ್ದಾರೆ. ಬರಹ, ಬಾಣ, ವೃತ್ತ ಇವೆಲ್ಲ ಫೇಡ್ ಆಗಿ ಬರಲಿ, ಅರ್ಧ ಸೆಕೆಂಡು.

ಪವರ್‌ಪಾಯಿಂಟ್‌ನ ಮಾರ್ಫ್ ಟ್ರಾನ್ಸಿಷನ್ ಒಂದನ್ನು ಮಾತ್ರ ನಾನು ಮನಸಾರೆ ಒಪ್ಪೋದು. ಅಣುವನ್ನು ಜಿಎಲ್‌ಬಿ ಅನ್ನೋ 3ಡಿ ಫೈಲಾಗಿ ಹೊರತೆಗೆದು ಸ್ಲೈಡ್‌ಗೆ ಹಾಕಿ, ಸ್ಲೈಡ್ ನಕಲು ಮಾಡಿ, ಎರಡನೇದರಲ್ಲಿ ಬೇಕಾದ ಕೋನಕ್ಕೆ ತಿರುಗಿಸಿ ದೊಡ್ಡದು ಮಾಡಿ, ಟ್ರಾನ್ಸಿಷನ್ ಮಾರ್ಫ್ ಕೊಡಿ. ವಿಡಿಯೊ ಬೇಕಿಲ್ಲ, ಕ್ಲಿಕ್ಕಿಗೊಂದು ಹೆಜ್ಜೆ, ಯಾರಾದ್ರೂ ಪ್ರಶ್ನೆ ಕೇಳಿದರೆ ಅಲ್ಲೇ ನಿಲ್ಲುತ್ತೆ. ಎರಡು ಸ್ಲೈಡಿನ ವಸ್ತುಗಳು ಹೊಂದದೇ ಎಗರಾಡಿದರೆ ಸೆಲೆಕ್ಷನ್ ಪೇನ್‌ನಲ್ಲಿ ಎರಡಕ್ಕೂ ಒಂದೇ ಹೆಸರಿಟ್ಟು ಮುಂದೆ ಎರಡು ಆಶ್ಚರ್ಯ ಚಿಹ್ನೆ ಹಾಕಿ. ಇದು ಕೋನ, ಗಾತ್ರಕ್ಕೆ ಮಾತ್ರ ಮತ್ತೆ. ಅಣುವಿನ ಆಕಾರ ಬದಲಾವಣೆಗೆ ವಿಡಿಯೊನೇ ಗತಿ. ಹೆಸರು ಒಂದೇ ಅಂತ ಎರಡು ಮಾರ್ಫನ್ನೂ ಕಲಸಬೇಡಿ.

ಚುಕ್ಕಿಗೆರೆ:
ಮತ್ತೆ ಹೀಮ್ ಹತ್ತಿರ ಹೋದಾಗ ತಟ್ಟೆಯ ಮುಖ ತೋರಿಸಬೇಡಿ, ಅಂಚು ತೋರಿಸಿ. ಮುಖದಿಂದ ನೋಡಿದ್ರೆ ಕಬ್ಬಿಣ ನಮ್ಮ ಕಡೆಗೋ ಆಚೆಗೋ ಸರಿಯುತ್ತೆ, ಕಾಣಲ್ಲ. ಅಂಚಿನಿಂದ ನೋಡಿದ್ರೆ ಹೀಮ್ ಒಂದು ಅಡ್ಡಗೆರೆ, ಕಬ್ಬಿಣ ಆ ಗೆರೆಯ ಕೆಳಗೆ ಜೋತುಬಿದ್ದ ಗುಂಡು, ಅದರ ಕೆಳಗೆ ಹಿಸ್ಟಿಡಿನ್ ಅನ್ನೋ ಅಮೈನೋ ಆಮ್ಲ. ಆಮ್ಲಜನಕ ಮೇಲಿಂದ ಬಂತು, ಗುಂಡು ಗೆರೆಗೆ ಏರಿತು, ಹಿಸ್ಟಿಡಿನ್ ಹಿಂದೆಯೇ ಎಳೆಸಿಕೊಂಡು ಹೋಯ್ತು, ಅದರ ಹಿಂದೆ ಆ ಹಿಸ್ಟಿಡಿನ್ ಇರೋ ಇಡೀ ಎಫ್ ಸುರುಳಿ. ಈ ಎಳೆತವೇ ಅಲ್ವಾ ನಿಮ್ಮ ಸೆಮಿನಾರು?

ಕಬ್ಬಿಣದ_ಕಡಲೆ:
ಎಲ್ಲರಿಗೂ ದೊಡ್ಡ ನಮಸ್ಕಾರ. ರಾತ್ರಿ ಪೂರ್ತಿ ಕೂತೆ. ಒಂದು ಜೋಡಿ ಹೊಂದಿಸಿ ಮಾರ್ಫ್ ಮಾಡೋಕೆ ಹೋದ್ರೆ ಅರ್ಧ ಅಣು ಮಾಯ! 2ಎಚ್‌ಎಚ್‌ಬಿಯಲ್ಲಿ (ಆಮ್ಲಜನಕ ಇಲ್ಲದ ರಚನೆಯ ಫೈಲು) ನಾಲ್ಕು ಸರಪಳಿ ಇದೆ, 1ಎಚ್‌ಎಚ್‌ಒದಲ್ಲಿ (ಆಮ್ಲಜನಕ ಇರೋ ರಚನೆಯದು) ಎರಡೇ ಬರ್ತಿದೆ. ಮೊದಲ ಸಲ ಹೇಗೆ ಸರಿ ಬಂದಿತ್ತೋ ಗೊತ್ತಿಲ್ಲ.

ರಾತ್ರಿಪಾಳಿ:
ಮೊದಲ ಸಲ ಜೈವಿಕ ಜೋಡಣೆಯ ಫೈಲು ಇಳಿಸಿಕೊಂಡಿರುತ್ತೀರಿ. 1ಎಚ್‌ಎಚ್‌ಒದ ಮೂಲ ಫೈಲಿನಲ್ಲಿ ಒಂದೇ ಆಲ್ಫಾ-ಬೀಟಾ ಜೋಡಿ ಇರೋದು, ಇನ್ನರ್ಧ ಸ್ಫಟಿಕದ ಸಮ್ಮಿತಿಯಿಂದ ಬರುತ್ತೆ. ಪ್ರೋಟೀನ್ ಡೇಟಾ ಬ್ಯಾಂಕ್‌ನಲ್ಲಿ ಡೌನ್‌ಲೋಡ್ ಒತ್ತಿದಾಗ ಬಯಲಾಜಿಕಲ್ ಅಸೆಂಬ್ಲಿ ಅಂತ ಕೆಳಗೆ ಬೇರೆ ಸಾಲು ಇರುತ್ತೆ, ಅದನ್ನು ತೆಗೆದುಕೊಳ್ಳಿ. ತಂದ ಮೇಲೆ ಸರಪಳಿಗಳ ಹೆಸರು ನೋಡಿ, ಎ ಬಿ, ಮತ್ತೆ ಎ ಬಿ ಅಂತ ಬಂದಿದ್ದರೆ ಎರಡನೇ ಜೋಡಿಗೆ ಸಿ ಡಿ ಅಂತ ಬದಲಿಸಿ. ಇಲ್ಲದಿದ್ದರೆ ಮಾರ್ಫ್ ಯಾರನ್ನು ಯಾರ ಜೊತೆ ಸೇರಿಸಬೇಕು ಅಂತ ತಿಳಿಯದೆ ಒದ್ದಾಡುತ್ತೆ.

ಸೈಕ್ಲೋ:
ವಿಡಿಯೊವನ್ನ ಸ್ಲೈಡ್ ಒಳಗೇ ಸೇರಿಸಿ ಕಡಲೆ, ಲಿಂಕ್ ಕೊಡಬೇಡಿ. ಬೇರೆ ಕಂಪ್ಯೂಟರ್‌ನಲ್ಲಿ ತೆರೆದಾಗ ಕಪ್ಪು ಚೌಕ ನೋಡ್ಕೊಂಡು ನಾನು ಐದು ನಿಮಿಷ ಕೈಯಲ್ಲೇ ಪ್ರೋಟೀನ್ ಮಡಚಿ ತೋರಿಸಿದ್ದೀನಿ.

ಹಳೇ_ಮೇಷ್ಟ್ರು:
ನಾನು ಹೇಳಿದ್ದೂ ಅದೇ, ಕೈ ಸಾಕು.

ಎರಡನೇ_ಬೆಂಚು:
ಮೇಷ್ಟ್ರೇ 🙏

ತಕರಾರು_ತಮ್ಮ:
ಹಸಿರು-ಕೆಂಪು ಜೋಡಿ ಹಾಕಬೇಡಿ, ನನಗೆ ಎರಡೂ ಒಂದೇ ಕಾಣೋದು. ಇದರಲ್ಲಿ ತಕರಾರಿಲ್ಲ, ನಿಜವಾಗ್ಲೂ ಕಾಣಲ್ಲ. ನೀಲಿ-ಕಿತ್ತಳೆ ಆದ್ರೆ ಪರವಾಗಿಲ್ಲ. ವಿಡಿಯೊ ಕೆಟ್ಟರೆ ಅಂತ ಶುರು, ನಡು, ಕೊನೆ ಮೂರು ಚಿತ್ರ ನಿಲ್ಲಿಸಿ ಹಿಂದಿನ ಸ್ಲೈಡಲ್ಲಿ ಇಟ್ಕೊಳ್ಳಿ. ಪಿಡಿಎಫ್ ಕೇಳಿದವರಿಗೂ ಅದೇ ಕೊಡಬಹುದು.

ಕಬ್ಬಿಣದ_ಕಡಲೆ:
ಇವತ್ತು ಮತ್ತೆ ಅದೇ ಲ್ಯಾಬ್‌ನವರ ಮುಂದೆ ಓಡಿಸಿದೆ. ಬೂದು ನಿಂತಿತ್ತು, ನೀಲಿ ತಿರುಗಿತು. ಬಾಣ ಒಂದೂ ಇಲ್ಲ. ಈ ಸಲ ಯಾರೂ "ವಾವ್" ಅನ್ನಲಿಲ್ಲ. ಆದ್ರೆ ಅವತ್ತು ಕೇಳಿದವಳೇ ಮತ್ತೆ ಕೈ ಎತ್ತಿದ್ಲು: "ನೀಲಿ ಹಂಗೆ ತಿರುಗಿದ್ರೆ ಎರಡು ಬೀಟಾ ನಡುವಿನ ಸಂದು ಕಿರಿದಾಗುತ್ತಲ್ಲ, ಅಲ್ಲಿದ್ದ ಬಿಪಿಜಿ ಎಲ್ಲಿಗೆ ಹೋಗುತ್ತೆ?"

ಬಿಪಿಜಿ ಅಂದ್ರೆ ಆಮ್ಲಜನಕ ಇಲ್ಲದಾಗ ಆ ಸಂದಿನಲ್ಲಿ ಕೂತಿರೋ ಸಣ್ಣ ಅಣು. ನನ್ನ ಹತ್ತಿರ ಅದಕ್ಕೆ ಸ್ಲೈಡೇ ಇಲ್ಲ.

ರಾತ್ರಿಪಾಳಿ:
ಆಚೆಗೆ ತಳ್ಳಿಸಿಕೊಳ್ಳುತ್ತೆ. ಒಂದು ಸ್ಲೈಡ್ ಸೇರಿಸಿ: ಎರಡು ಜೋಡಿಗಳ ನಡುವಿನ ಅಕ್ಷದ ಗುಂಟ, ಬೀಟಾಗಳ ಕಡೆಯಿಂದ ನೋಡಿ. ಸಂದು ನೇರ ಕಣ್ಣಿಗೆ ಬೀಳುತ್ತೆ. ಕ್ಯಾಮೆರಾ ಅಲ್ಲೇ ನಿಲ್ಲಿಸಿ.

ಕಬ್ಬಿಣದ_ಕಡಲೆ:
ಆ ಕೋನಕ್ಕೆ ಹೋಗೋಕೆ ಒಂದೇ ಒಂದು ಸಲ ತಿರುಗಿಸಬಹುದಾ?

ಪಿಕ್ಸೆಲ್_ಪಾಪಣ್ಣ:
ತೊಂಬತ್ತು ಡಿಗ್ರಿ. ಎರಡು ಸೆಕೆಂಡು. ಅದಕ್ಕಿಂತ ಹೆಚ್ಚು ಸುತ್ತಿಸಿದರೆ ಗೊತ್ತಾಗುತ್ತೆ ನಮಗೆ.